ಕಡಲ ಕರೆಯ ಕಾಲುಹಾದಿ

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಹುಟ್ಟಿ ಬೆಳೆದವರಿಗೆ ಕಾಲುಹಾದಿ ಎಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಳದಿಂದ ತೋಟಕ್ಕೆ, ತೋಟದಿಂದ ಬೆಟ್ಟಕ್ಕೆ, ಬೆಟ್ಟದಾಚೆಯ ಶಾಲೆಗೆ ಹೋಗುವ ದಾರಿಗಳೆಲ್ಲ ಅವರ ಪಾದಗಳಿಗೆ ಬಾಯಿಪಾಠವಾಗಿರುತ್ತವೆ. ಹಳ್ಳಕ್ಕೆ ಸಂಕ ಹಾಕಿರುವುದೆಲ್ಲಿ, ಮಳೆಗಾಲದಲ್ಲಿ ಯಾವ ಏರಿನಲ್ಲಿ ಜಾರಿಕೆ ಹೆಚ್ಚು, ಯಾವ ತಿರುವಿನಲ್ಲಿ ಉಂಬಳದ ಕಾಟ ಎಂಬುದೆಲ್ಲವೂ ಅವರಿಗೆ ಗೊತ್ತು. ಮಳೆಗಾಲದಲ್ಲಿ ಹುಲ್ಲು ಬೆಳೆದು ಮುಚ್ಚಿದರೂ ಹಾದಿ ಮಾತ್ರ ಅಲ್ಲಿಯೇ ಇರುತ್ತದೆ. ಅಜ್ಜ ನಡೆದ ಜಾಡಿನಲ್ಲಿಯೇ ಮೊಮ್ಮಗನೂ ನಡೆಯುತ್ತಾನೆ.

ಘಟ್ಟವಿಳಿದು ಕಡಲ ಕರೆಗೆ ಬಂದವನಿಗೆ ಈ ತಿಳಿವಳಿಕೆ ಸಾಲದು. ಅಲ್ಲಿ ಮುಂಜಾನೆ ನೂರು ಮಂದಿ ನಡೆದ ಹೆಜ್ಜೆಗಳ ಗುರುತು ಮಧ್ಯಾಹ್ನಕ್ಕೆ ಉಳಿದಿರುವುದಿಲ್ಲ. ಹೋಗುವಾಗ ಇದ್ದ ಅಗಲವಾದ ಮರಳ ಹಾಸು ಬರುವಾಗ ಸೊಂಟಮಟ್ಟದ ನೀರಾಗಿರಬಹುದು. ಘಟ್ಟದ ಮೇಲೆ ‘ದಾರಿ ಎಲ್ಲಿದೆ?’ ಎಂದು ಕೇಳಿದರೆ ಸಾಕು. ಕಡಲ ಕರೆಯಲ್ಲಿ ‘ದಾರಿ ಯಾವಾಗ ಇರುತ್ತದೆ?’ ಎಂದು ಕೇಳಬೇಕು. ಮರಳ ದಂಡೆಯ ಮೇಲೆ ನಡೆಯಲು ಸೊಗಸಾದ ಹಾದಿಯನ್ನು ಆರಿಸಿಕೊಳ್ಳುವುದೆಂದರೆ ಮುಖ್ಯವಾಗಿ ಹೊತ್ತನ್ನು ಆರಿಸಿಕೊಳ್ಳುವುದು.

ಇದನ್ನು ವಿವರಿಸಲು ಗೋಕರ್ಣದ ಸುತ್ತಲಿನ ದಂಡೆಗಿಂತ ಒಳ್ಳೆಯ ಉದಾಹರಣೆ ನಮಗೆ ದೊರೆಯಲಾರದು. ಅದು ನಮ್ಮಿಂದ ದೂರದ್ದೂ ಅಲ್ಲ, ಪರಕೀಯವೂ ಅಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿತೆನ್ನಲಾಗುವ ಅಘನಾಶಿನಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ೧೧೬ ಮೀಟರ್ ಆಳಕ್ಕೆ ಧುಮುಕಿ, ಗೋಕರ್ಣದ ದಕ್ಷಿಣಕ್ಕೆ ತದಡಿಯ ಬಳಿ ಸಮುದ್ರವನ್ನು ಸೇರುತ್ತದೆ. ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಜಲಪಾತವಾಗುವ ಬೇಡ್ತಿಯು ಗಂಗಾವಳಿ ಎಂಬ ಹೆಸರಿನಿಂದ ಗೋಕರ್ಣದ ಉತ್ತರಕ್ಕೆ ಕಡಲಿಗಿಳಿಯುತ್ತದೆ. ಈ ಎರಡು ಅಳಿವೆಗಳ ನಡುವಣ ನೆಲವೇ ಗೋಕರ್ಣದ ಸೀಮೆ. ಘಟ್ಟದ ಕಲ್ಲನ್ನು ಅರೆದು ಹೊಳೆಗಳು ಕೆಳಕ್ಕೆ ಒಯ್ದ ಕಣಗಳನ್ನು ಅಲೆಗಳು ಮತ್ತೆ ಮತ್ತೆ ತೊಳೆದು, ಚಿಪ್ಪಿನ ಚೂರುಗಳೊಂದಿಗೆ ಬೆರೆಸಿ ದಂಡೆಗೆ ಹಾಸಿವೆ. ಅಲ್ಲಿ ನಾವು ಮೆಟ್ಟುವ ಮರಳಿನಲ್ಲಿ ನಮ್ಮ ಬೆಟ್ಟಗಳ ಪಾಲೂ ಉಂಟು.

ಕಡಲ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇದಕ್ಕೆ ಚಂದ್ರನ ಸೆಳೆತವೂ, ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸೂರ್ಯನ ಸೆಳೆತವೂ ಕಾರಣವೆಂದು ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ನಡೆಯುವವನಿಗೆ ಬೇಕಾದುದು ಅದರ ಲೆಕ್ಕ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ದಿನದಿಂದ ದಿನಕ್ಕೆ ಈ ವೇಳೆ ಸುಮಾರು ೫೦ ನಿಮಿಷ ಹಿಂದೆ ಬೀಳುತ್ತದೆ. ಇಂದು ಬೆಳಗಿನ ೬ ಗಂಟೆಗೆ ನೀರು ಪೂರ್ತಿಯಾಗಿ ಇಳಿದಿತ್ತೆನ್ನೋಣ. ಮಧ್ಯಾಹ್ನ ೧೨ರ ಅನಂತರ ಉಬ್ಬರ ತುಂಬುತ್ತದೆ. ನಾಳೆಯ ಇಳಿತ ೬ ಗಂಟೆ ೫೦ ನಿಮಿಷಕ್ಕೆ. ನಾಲ್ಕು ದಿನಗಳ ಮೇಲೆ ೯ ಗಂಟೆ ೨೦ ನಿಮಿಷದ ಸುಮಾರಿಗೆ. ಒಂದು ದಿನದ ಇಳಿತವನ್ನು ಕಣ್ಣಾರೆ ಕಂಡವನು, ಇಲ್ಲವೆ ದಂಡೆಯ ಮೀನುಗಾರರನ್ನು ಕೇಳಿ ತಿಳಿದವನು, ಮುಂದಿನ ವಾರದ ಪ್ರವಾಸಕ್ಕೆ ಬೆರಳೆಣಿಕೆಯಲ್ಲಿಯೇ ಹೊತ್ತು ಗೊತ್ತುಮಾಡಬಹುದು.

ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಕೆಯೂ ಹೆಚ್ಚು, ಇಳಿಕೆಯೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಎರಡೂ ಕಡಿಮೆ. ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಹುಣ್ಣಿಮೆಯ ಏರಿಳಿತದ ಅಂತರ ಒಂದೂವರೆ ಮೀಟರಿನ ಆಸುಪಾಸು. ಒಂದೂವರೆ ಮೀಟರ್ ಎಂದರೆ ಅಲ್ಪವೆಂದು ತೋರಬಹುದು. ಆದರೆ ದಂಡೆಯ ಇಳಿಜಾರು ಎಷ್ಟು ಮಂದವೋ ಅಷ್ಟು ದೂರ ನೀರು ಚಾಚಿಕೊಳ್ಳುತ್ತದೆ. ಹಲವು ಮಾರು ಅಗಲದ ಹಾದಿಯನ್ನು ಅದು ನುಂಗಿಬಿಡಬಲ್ಲುದು. ಇನ್ನೊಂದು ವಿಷಯ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತ ಮುಗಿದ ಮೊದಲ ಗಂಟೆಯಲ್ಲಿ ಅದು ಕದಲಿದಂತೆಯೇ ಕಾಣದು. ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ದಾಪುಗಾಲು ಹಾಕುತ್ತದೆ. ಮೊದಲ ಗಂಟೆಯ ನೆಮ್ಮದಿಯನ್ನು ನಂಬಿ ಬಂಡೆಯ ಮೂಲೆಗಳಲ್ಲಿ ಕಾಲ ಕಳೆದವರು ಅಮೇಲೆ ಪೇಚಿಗೆ ಸಿಕ್ಕುತ್ತಾರೆ. ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಟು, ಇಳಿತದ ಗಡಿ ದಾಟಿದ ಒಂದು ಗಂಟೆಯೊಳಗೆ ಇಕ್ಕಟ್ಟಾದ ಜಾಗಗಳನ್ನು ಹಿಂದೆ ಹಾಕುವುದು ಕ್ಷೇಮ. ನೀರು ಎಲ್ಲಿಯವರೆಗೆ ಬರುತ್ತದೆಂದು ತಿಳಿಯಬೇಕಾದರೆ ದಂಡೆಯ ಮೇಲೆ ತರಗೆಲೆ, ಚಿಪ್ಪು, ಕಸಕಡ್ಡಿಗಳು ಸಾಲಾಗಿ ಬಿದ್ದಿರುವ ಗೆರೆಯನ್ನು ನೋಡಬೇಕು. ಕಳೆದ ಉಬ್ಬರ ಎಳೆದುಹೋದ ಗೆರೆ ಅದು.

ಇನ್ನು ಮರಳು. ಮರಳೆಲ್ಲ ಒಂದೇ ಎಂಬ ಭಾವನೆ ನಾಲ್ಕು ಹೆಜ್ಜೆ ಇಟ್ಟೊಡನೆ ಮಾಯವಾಗುತ್ತದೆ. ದಂಡೆಯ ಮೇಲ್ಭಾಗದ ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ಮುಂದಿಟ್ಟ ಹೆಜ್ಜೆ ಅರ್ಧ ಹಿಂದೆ ಜಾರುತ್ತದೆ. ೧೯೯೮ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಗಟ್ಟಿ ನೆಲದ ಮೇಲೆ ನಡೆಯುವುದಕ್ಕಿಂತ ಮರಳಿನ ಮೇಲೆ ಅದೇ ವೇಗದಲ್ಲಿ ನಡೆಯಲು ದೇಹ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ. ಹೀಗಾಗಿ ನಕಾಶೆಯಲ್ಲಿ ನಾಲ್ಕು ಕಿಲೋಮೀಟರ್ ಎಂದು ಕಂಡ ದಾರಿ ಕಾಲಿಗೆ ಎಂಟಾಗಿ ಪರಿಣಮಿಸಿದರೆ ಬೆರಗಾಗಬೇಕಿಲ್ಲ.

ಅಲೆ ಬಂದು ಹಿಂದೆ ಸರಿದ ತೇವದ ಪಟ್ಟಿಯಲ್ಲಾದರೋ ನಡಿಗೆ ಹಗುರ. ಮರಳ ಕಣಗಳ ನಡುವೆ ನಿಂತ ತೆಳುವಾದ ನೀರಿನ ಪೊರೆ ಅವುಗಳನ್ನು ಒಂದಕ್ಕೊಂದು ಎಳೆದು ಬಿಗಿಯಾಗಿ ಹಿಡಿದಿರುತ್ತದೆ. ಮಕ್ಕಳು ಮರಳಿನಲ್ಲಿ ಕಟ್ಟುವ ಕೋಟೆ ನಿಲ್ಲುವುದೂ ಇದೇ ಕಾರಣದಿಂದ. ಅಂತಹ ಪಟ್ಟಿಯ ಮೇಲೆ ಪಾದವೂರಿ ಸುತ್ತಲೂ ನೋಡಿ: ಮರಳು ಒಮ್ಮೆಲೆ ಒಣಗಿದಂತೆ ಬೆಳ್ಳಗಾಗುತ್ತದೆ. ಭಾರ ಹೇರಿದರೆ ನೀರು ಮೇಲಕ್ಕೆ ಜಿನುಗಬೇಕಲ್ಲವೆ? ಅದು ಒಳಕ್ಕೆ ಇಂಗುವುದೇಕೆ? ಒತ್ತಾಗಿ ಕೂಡಿಕೊಂಡಿದ್ದ ಕಣಗಳು ಪಾದದ ಒತ್ತಡಕ್ಕೆ ಸರಿದಾಡುವಾಗ ಅವುಗಳ ನಡುವಣ ತೆರಪು ಹೆಚ್ಚುತ್ತದೆ; ಮೇಲಿನ ನೀರು ಆ ತೆರಪಿಗೆ ಇಳಿಯುತ್ತದೆ. ಆಸ್ಬೋರ್ನ್ ರೇನಾಲ್ಡ್ಸ್ ಎಂಬ ವಿಜ್ಞಾನಿ ೧೮೮೫ರಲ್ಲಿ ಇದಕ್ಕೆ ವಿವರಣೆ ಕೊಟ್ಟನು. ಹೀಗೆ ಬೆಳ್ಳಗಾಗುವ ಮರಳು ನಡೆಯಲು ಯೋಗ್ಯವಾದ ಗಟ್ಟಿ ಮರಳು. ಅದಕ್ಕೂ ಕೆಳಗೆ, ನೀರು ತುಂಬಿ ಗೊಜ್ಜಿನಂತೆ ಅಲುಗಾಡುವ ಮರಳು ಮತ್ತೆ ಕಾಲನ್ನು ಹಿಡಿಯುತ್ತದೆ. ಇಳಿತದ ಹೊತ್ತಿನಲ್ಲಿ ಈ ನಡುವಣ ಗಟ್ಟಿ ಪಟ್ಟಿ ಅಗಲವಾಗಿ, ಹೆಚ್ಚು ಕಡಿಮೆ ಸಮತಟ್ಟಾಗಿ ಇರುತ್ತದೆ. ಉಬ್ಬರದಲ್ಲಿ ಅದು ನೀರಿನಡಿ ಸೇರಿ, ನಡೆಯುವವನಿಗೆ ಮೇಲಿನ ಓರೆಯಾದ ಒಣ ಮರಳೇ ಗತಿಯಾಗುತ್ತದೆ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಹಾಕುತ್ತ ಒಂದು ಗಂಟೆ ನಡೆದವನ ಕಣಕಾಲು ಆ ಕಥೆಯನ್ನು ರಾತ್ರಿ ಹೇಳುತ್ತದೆ.

ಇಷ್ಟು ತಿಳಿದ ಮೇಲೆ ಗೋಕರ್ಣದ ದಂಡೆಗೆ ಇಳಿಯೋಣ. ಮಹಾಬಲೇಶ್ವರ ದೇವಾಲಯದ ಮುಂದಿನ ಕಡಲಿನಿಂದ ಉತ್ತರಾಭಿಮುಖವಾಗಿ ಗಂಗಾವಳಿಯ ಅಳಿವೆಯವರೆಗೆ ಚಾಚಿರುವುದು ಬಹುಮಟ್ಟಿಗೆ ನೇರವಾದ ಮರಳು. ಸುಮಾರು ಆರು ಕಿಲೋಮೀಟರಿನ ದಾರಿ. ಬಂಡೆಯಿಲ್ಲ, ತಿರುವಿಲ್ಲ, ಬಲಕ್ಕೆ ತೆಂಗು, ಗಾಳಿಮರ, ಎಡಕ್ಕೆ ಕಡಲು. ಇದನ್ನು ‘ಏನೂ ಇಲ್ಲದ ದಾರಿ’ ಎಂದು ಹಳಿಯುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಇಳಿತದಲ್ಲಿ ಬಯಲಾದ ಮರಳ ಮೇಲೆ ಪುಟ್ಟ ಏಡಿಗಳು ತಮ್ಮ ಬಿಲದ ಸುತ್ತ ಸಾಸಿವೆಯಂತಹ ಉಂಡೆಗಳನ್ನು ಉರುಳಿಸಿ ಬರೆದಿಟ್ಟ ರಂಗೋಲಿಯನ್ನು ನೋಡಲು ಬೇರೆಲ್ಲಿಗೆ ಹೋಗಬೇಕು? ಮರಳಿಗೆ ಅಂಟಿದ ಆಹಾರವನ್ನು ತಿಂದು ಉಳಿದುದನ್ನು ಅವು ಹೀಗೆ ಉಂಡೆ ಕಟ್ಟಿ ಬಿಡುತ್ತವೆ. ಮುಂದಿನ ಉಬ್ಬರ ಎಲ್ಲವನ್ನೂ ಅಳಿಸುತ್ತದೆ. ಮರು ಇಳಿತಕ್ಕೆ ಅವು ಮತ್ತೆ ಮೊದಲಿನಿಂದ ಆರಂಭಿಸುತ್ತವೆ. ತಲೆಯೆತ್ತಿದರೆ ಗರುಡ ತೇಲುತ್ತಿರುತ್ತದೆ. ತೆಂಗಿನ ಸಾಲಿನ ಹಿಂದೆ ಹರಡಿರುವ ಊರುಗಳಲ್ಲಿ, ಕಾದಂಬರಿಕಾರ ಯಶವಂತ ಚಿತ್ತಾಲರು ೧೯೨೮ರಲ್ಲಿ ಹುಟ್ಟಿದ ಹನೇಹಳ್ಳಿಯೂ ಒಂದು.

ಈ ದಾರಿಗೆ ಬೆಳಗೇ ಪ್ರಶಸ್ತ. ಕಡಲು ಪಶ್ಚಿಮಕ್ಕಿರುವುದರಿಂದ ಸೂರ್ಯ ನಮ್ಮ ಬೆನ್ನ ಹಿಂದಿನ ನೆಲದ ಕಡೆಯಿಂದ ಏರುತ್ತಾನೆ. ತೆಂಗಿನ ನೆರಳು ಮರಳಿನ ಮೇಲೆ ಕಡಲತ್ತ ಚಾಚಿರುತ್ತದೆ. ರಾತ್ರಿಯಿಡೀ ನೆಲದಿಂದ ಕಡಲಿಗೆ ಬೀಸಿದ ಗಾಳಿ ಇನ್ನೂ ತಣ್ಣಗಿರುತ್ತದೆ. ಹೊತ್ತೇರಿ ನೆಲ ಕಾದಂತೆ ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ನೆಲಕ್ಕೆ ಬೀಸತೊಡಗುತ್ತದೆ. ಚಳಿಗಾಲದ ಮಧ್ಯಾಹ್ನಗಳಲ್ಲಿ ಅದು ವಾಯವ್ಯದ ಕಡೆಯಿಂದ ಬರುವುದೇ ಹೆಚ್ಚು. ಆದುದರಿಂದ ಮುಂಜಾನೆ ಉತ್ತರಕ್ಕೆ ನಡೆದು ಹೋಗಿ, ಹಿಂತಿರುಗುವಾಗ ಗಾಳಿಯನ್ನು ಬೆನ್ನಿಗೆ ಪಡೆಯುವುದು ಜಾಣತನ. ಅಳಿವೆಯನ್ನು ಮುಟ್ಟಿದ ಮೇಲೆ ಅಲ್ಲಿಯೇ ನಿಲ್ಲಬೇಕು. ಆಚೆಯ ದಡ ಅಂಕೋಲಾ ತಾಲೂಕು, ೧೯೩೦ರ ಏಪ್ರಿಲ್ ತಿಂಗಳಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ನೆಲ. ಅದು ಕೈಗೆಟುಕುವಷ್ಟು ಹತ್ತಿರ ಕಂಡರೂ ನೀರಿಗೆ ಇಳಿಯುವಂತಿಲ್ಲ. ಇಳಿತದ ಕಾಲದಲ್ಲಿ ಹೊಳೆಯ ನೀರೂ ಹಿಂದೆ ಸರಿಯುವ ಕಡಲ ನೀರೂ ಕೂಡಿಕೊಂಡು ಅಳಿವೆಯ ಇಕ್ಕಟ್ಟಿನಲ್ಲಿ ಹೊರಕ್ಕೆ ನುಗ್ಗುತ್ತವೆ. ಅಲ್ಲಿಯ ಮರಳ ದಿಬ್ಬಗಳೂ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತವೆ.

ಅಳಿವೆಯ ಮರಳಿನ ಚೆಲುವಿಗೆ ಮನಸೋತವರಲ್ಲಿ ಕವಿ ರವೀಂದ್ರನಾಥ ಠಾಕೂರರೂ ಒಬ್ಬರು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಅವರು ಕೆಲಕಾಲ ಉಳಿದಿದ್ದರು. ಕಾಳಿ ನದಿಯಲ್ಲಿ ದೋಣಿಯ ವಿಹಾರ ಮುಗಿಸಿ, ಅಳಿವೆಯ ಬಳಿ ಇಳಿದು, ಬೆಳದಿಂಗಳಿನಲ್ಲಿ ಮರಳ ಮೇಲೆ ನಡೆದು ಮನೆ ಸೇರಿದ ಪ್ರಸಂಗವನ್ನು ಅವರು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ.

ಗೋಕರ್ಣದಿಂದ ದಕ್ಷಿಣಕ್ಕೆ ಹೊರಟರೆ ದೃಶ್ಯವೇ ಬೇರೆ. ಇಲ್ಲಿ ಬೆಟ್ಟಗಳು ಕಡಲಿನೊಳಕ್ಕೆ ಮೂತಿ ಚಾಚಿವೆ. ಎರಡು ಮೂತಿಗಳ ನಡುವೆ ಒಂದೊಂದು ಮರಳ ತೊಟ್ಟಿಲು. ಕುಡ್ಲೆ, ಓಂ, ಅರ್ಧಚಂದ್ರ, ಪ್ಯಾರಡೈಸ್ ಎಂದು ಅವುಗಳಿಗೆ ಹೆಸರು. ಮುಂದೆ ಚಾಚಿದ ಗಟ್ಟಿ ಬಂಡೆಗೆ ಅಲೆಗಳು ತಮ್ಮ ಬಲವನ್ನೆಲ್ಲ ಬಿಟ್ಟುಕೊಟ್ಟು, ಬಾಗಿ, ಒಳಗಿನ ಕೊಲ್ಲಿಗೆ ಸೌಮ್ಯವಾಗಿ ಬಂದು ತಾವು ಹೊತ್ತ ಮರಳನ್ನು ಇಳಿಸುತ್ತವೆ. ಓಂ ತೀರದಲ್ಲಿ ಎರಡು ಅರೆದುಂಡಗಿನ ಕೊಲ್ಲಿಗಳು ಪಕ್ಕಪಕ್ಕದಲ್ಲಿದ್ದು ನಡುವೆ ಬಂಡೆಗಳ ಕೋಡೊಂದು ನೀರಿಗೆ ಚಾಚಿದೆ. ಓಂಕಾರದ ಆಕಾರ ಕಾಣುವುದು ಮರಳ ಮೇಲೆ ನಿಂತವನಿಗಲ್ಲ, ಬೆಟ್ಟದ ಮೇಲೆ ನಿಂತವನಿಗೆ. ಆದುದರಿಂದ ಈ ಭಾಗದಲ್ಲಿ ಹಾದಿಯನ್ನು ಆರಿಸುವಾಗ ಬೆಟ್ಟವನ್ನು ಏರಿ ಇಳಿಯುವ ಕಾಲುದಾರಿಯನ್ನೇ ಹಿಡಿಯಬೇಕು. ಚಿರೆಕಲ್ಲಿನ ಕೆಂಪು ನೆತ್ತಿ, ಚಳಿಗಾಲದಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗುವ ಹುಲ್ಲು, ಕೆಳಗೆ ಕಡಲು. ಘಟ್ಟದವರ ಕಾಲಿಗೆ ಇದು ಒಗ್ಗಿದ ನಡಿಗೆಯೂ ಹೌದು.

ಆದರೆ ಆಸೆ ಹುಟ್ಟಿಸುವುದು ಇನ್ನೊಂದು ದಾರಿ. ಇಳಿತದಲ್ಲಿ ಬೆಟ್ಟದ ಬುಡದ ಬಂಡೆಗಳು ಬಯಲಾಗಿ, ಏರುವ ಶ್ರಮವಿಲ್ಲದೆ ಸುತ್ತಿ ಹೋಗಬಹುದೆಂದು ಕಾಣುತ್ತದೆ. ಪಾಚಿ ಹಿಡಿದ ಆ ಬಂಡೆಗಳಷ್ಟು ಜಾರುವುದು ನಮ್ಮ ತೋಟದ ಸಂಕವೂ ಅಲ್ಲ. ನಡುದಾರಿಯಲ್ಲಿ ನೀರೇರಿದರೆ ಮುಂದೆಯೂ ಹಿಂದೆಯೂ ಹೋಗಲಾಗದೆ ಬೆಟ್ಟದ ಕಡಿದಾದ ಮುಖಕ್ಕೆ ಬೆನ್ನು ಹಚ್ಚಿ ನಿಲ್ಲಬೇಕಾಗುತ್ತದೆ. ಓಂ ತೀರದಿಂದ ಮುಂದಿನ ಹಾದಿ ಕಿರಿದು. ಕೆಲವೆಡೆ ಕಡಲಿಗೆ ನೇರವಾಗಿ ಇಳಿಯುವ ಓರೆಯ ಮೇಲೆ ಅದು ಸಾಗುತ್ತದೆ. ಕುಡಿಯುವ ನೀರನ್ನು ಹೊತ್ತೇ ಹೋಗಬೇಕು. ಸೂರ್ಯಾಸ್ತವನ್ನು ನೋಡುವ ಹಂಬಲದಿಂದ ಅಲ್ಲಿ ಉಳಿದವರು ಕತ್ತಲೆಯಲ್ಲಿ ಆ ಓರೆಯನ್ನು ದಾಟಬೇಕಾಗುತ್ತದೆ. ಸೂರ್ಯಾಸ್ತ ಕುಡ್ಲೆಯ ಮರಳ ಮೇಲೆ ಕುಳಿತವರಿಗೂ ಅಷ್ಟೇ ಚೆಂದವಾಗಿ ಕಾಣುತ್ತದೆ.

೨೦೨೪ರ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನಮ್ಮ ಜಿಲ್ಲೆಯ ಮುರುಡೇಶ್ವರದಲ್ಲಿ ಕಡಲಿನ ಪಾಲಾದರು. ಅವರದು ನಿಮ್ಮ ವಯಸ್ಸು. ಡಿಸೆಂಬರ್ ಎಂದರೆ ಮಳೆಗಾಲವಲ್ಲ, ಬಿರುಗಾಳಿಯ ಕಾಲವೂ ಅಲ್ಲ. ಪ್ರವಾಸಕ್ಕೆ ಎಲ್ಲರೂ ಆರಿಸಿಕೊಳ್ಳುವ ತಿಂಗಳು. ಕಡಲ ಅಪಾಯ ಅದರ ಆರ್ಭಟದಲ್ಲಿಯೇ ಇರುತ್ತದೆಂದು ದೂರದ ಊರಿನವರು ತಿಳಿಯುತ್ತಾರೆ. ದಂಡೆಗೆ ಬಂದು ಬಿದ್ದ ಅಲೆಗಳ ನೀರು ಎಲ್ಲಿಂದಲಾದರೂ ಹಿಂದಿರುಗಲೇ ಬೇಕಷ್ಟೆ. ಮರಳಿನಡಿ ತುಸು ತಗ್ಗಾದ ಕಾಲುವೆಯಂತಹ ಜಾಗ ಸಿಕ್ಕಿದರೆ ಅದೆಲ್ಲ ಅಲ್ಲಿ ಕೂಡಿ ರಭಸದಿಂದ ಒಳಗಡಲಿಗೆ ಹರಿಯುತ್ತದೆ. ತಗ್ಗಿನ ಮೇಲೆ ಅಲೆ ಒಡೆಯುವುದು ಕಡಿಮೆ. ಆದಕಾರಣ ಎರಡೂ ಬದಿಯಲ್ಲಿ ನೊರೆ ಏಳುತ್ತಿದ್ದರೆ ನಡುವೆ ಆ ಒಂದು ಪಟ್ಟಿ ಶಾಂತವಾಗಿ, ಸ್ನಾನಕ್ಕೆ ಹೇಳಿ ಮಾಡಿಸಿದಂತೆ ತೋರುತ್ತದೆ. ಹೆಚ್ಚಿನವರು ಇಳಿಯುವುದು ಅಲ್ಲಿಯೇ. ಸೆಳೆತಕ್ಕೆ ಸಿಕ್ಕಿದವನು ದಡಕ್ಕೆ ನೇರವಾಗಿ ಈಜಲು ಹೆಣಗಿದರೆ ಸೋಲುತ್ತಾನೆ. ಗಾಬರಿಯಾಗದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದ ಪಟ್ಟಿಯಿಂದ ಹೊರಬರಬಹುದು. ಈಜು ಬಾರದವನು ಮೊಣಕಾಲಿನ ನೀರಿಗೂ ಇಳಿಯದಿರುವುದೇ ಸರಿ. ನಡೆಯಲು ಬಂದವನು ನಡೆಯಬೇಕು. ಸ್ನಾನಕ್ಕೆ ಕಾವಲುಗಾರರಿರುವ ಜಾಗವೇ ಬೇರೆ, ಹೊತ್ತೇ ಬೇರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯಾವ ದಾರಿಯೂ ಲೆಕ್ಕಕ್ಕಿಲ್ಲ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೆರೆದು ಒಳಕ್ಕೆ ಒಯ್ಯುತ್ತವೆ. ಬೇಸಗೆಯಲ್ಲಿ ಅಗಲವಾಗಿದ್ದ ಎಷ್ಟೋ ದಂಡೆಗಳು ಆಗ ಕಡಿದಾದ ಗೋಡೆಯಂತಾಗುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತರುತ್ತವೆ. ಯಾಂತ್ರಿಕ ದೋಣಿಗಳಿಗೇ ಜೂನ್ ೧ರಿಂದ ಜುಲೈ ೩೧ರವರೆಗೆ ಕಡಲಿಗಿಳಿಯಲು ನಿಷೇಧವಿರುವಾಗ ನಡೆಯುವವರ ಮಾತೇನು? ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ.

ಮೂರನೆಯ ಹಾದಿ ಅಘನಾಶಿನಿಯನ್ನು ದಾಟಿ ಕುಮಟೆಯ ಕಡೆಗೆ ಹೋಗುವಂಥದು. ಗೋಕರ್ಣದಿಂದ ತದಡಿಗೆ ಬರುವ ದಾರಿಯ ಸಮೀಪದಲ್ಲಿಯೇ ಸಾಣಿಕಟ್ಟೆಯ ಉಪ್ಪಿನಾಗರಗಳಿವೆ. ಉಬ್ಬರದ ನೀರನ್ನು ಕಟ್ಟಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ ಅಲ್ಲಿ ಉಪ್ಪು ತೆಗೆಯುತ್ತಾರೆ. ತದಡಿಯ ತಾರಿಯಲ್ಲಿ ದೋಣಿ ಹತ್ತಿ ಆಚೆಯ ದಡದ ಅಘನಾಶಿನಿ ಎಂಬ ಊರಿಗೆ ಇಳಿಯಬೇಕು. ಈ ಅಳಿವೆಯ ಪ್ರದೇಶಕ್ಕೆ ೨೦೨೪ರ ಜನವರಿಯಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅದಕ್ಕೆ ಕಾರಣ ಕಣ್ಣೆದುರಿಗೇ ಇದೆ: ನೀರಿನಲ್ಲಿಯೇ ಬೇರೂರಿ ನಿಂತ ಕಾಂಡ್ಲಾ ಗಿಡಗಳು, ಉಪ್ಪುನೀರನ್ನು ತಾಳಿಕೊಂಡು ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ, ಇಳಿತದಲ್ಲಿ ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುವ ಹೆಂಗಸರು, ಗಂಡಸರು. ನಮಗೆ ವಿಹಾರದ ಹೊತ್ತಾದ ಇಳಿತ ಅವರಿಗೆ ದುಡಿಮೆಯ ಹೊತ್ತು. ಆದುದರಿಂದ ಹಾದಿಯನ್ನು ಆರಿಸುವಾಗ ಅದು ಯಾರ ಅಂಗಳದ ಮೇಲೆ ಹಾದುಹೋಗುತ್ತದೆಂಬುದನ್ನೂ ನೋಡಬೇಕಾಗುತ್ತದೆ. ಮರಳ ಮೇಲೆ ಹರಡಿದ ಒಣಮೀನನ್ನಾಗಲಿ ಬಲೆಯನ್ನಾಗಲಿ ದಾಟಿ ಹೋಗಬಾರದು, ಬಳಸಿ ಹೋಗಬೇಕು. ದಂಡೆಯಿಂದ ಬಲೆಯ ಹಗ್ಗವನ್ನು ಎಳೆಯುತ್ತಿದ್ದರೆ ಅವರ ಬೆನ್ನ ಹಿಂದಿನಿಂದ ಸಾಗಬೇಕು.

ಮರಳ ದಿಬ್ಬಗಳ ಮೇಲೆ ನಡೆಯದಿರಲು ಇನ್ನೂ ಒಂದು ಕಾರಣವಿದೆ. ಆಡಿನ ಗೊರಸಿನಂತೆ ಸೀಳಿದ ಎಲೆಯ, ನೇರಳೆ ಹೂವಿನ ಬಳ್ಳಿಯೊಂದು ಅಲ್ಲಿ ಹಬ್ಬಿರುತ್ತದೆ. ಅದರ ಹಿಂದೆ ಮುಂಡಿಗೆಯ ಪೊದೆ. ಗಾಳಿಗೆ ಹಾರುವ ಮರಳನ್ನು ತಡೆದು ದಿಬ್ಬ ಕಟ್ಟುವುದು ಇಂತಹ ಗಿಡಬಳ್ಳಿಗಳೇ. ಹತ್ತಾರು ಜನ ಒಂದೇ ಜಾಡಿನಲ್ಲಿ ತುಳಿದರೆ ಬಳ್ಳಿ ಸತ್ತು ದಿಬ್ಬದಲ್ಲಿ ಕಣಿವೆ ಬೀಳುತ್ತದೆ. ಮಳೆಗಾಲದ ಕಡಲು ಊರೊಳಗೆ ನುಗ್ಗಲು ಅದೇ ಬಾಗಿಲು. ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೇಲೇರಿ ಬಂದು ಸುಮಾರು ನೂರು ಮೊಟ್ಟೆಗಳನ್ನು ಹೂತಿಟ್ಟು ಹೋಗುವುದೂ ದಂಡೆಯ ಈ ಮೇಲ್ಭಾಗದಲ್ಲಿಯೇ. ನಡೆಯಲು ಸುಲಭವಾದ ತೇವದ ಪಟ್ಟಿಯೇ ಯಾರಿಗೂ ಕೇಡು ಮಾಡದ ಪಟ್ಟಿಯೂ ಆಗಿರುವುದು ನಮ್ಮ ಪುಣ್ಯ. ಅಲ್ಲಿ ನಾವು ಮಾಡಿದ ಗುರುತನ್ನೆಲ್ಲ ಮುಂದಿನ ಉಬ್ಬರ ಒರೆಸಿಬಿಡುತ್ತದೆ.

ಅಘನಾಶಿನಿ ಊರಿನಿಂದ ಬಾಡ, ಕಡ್ಲೆಗಳ ಮೇಲೆ ಕುಮಟೆಯವರೆಗಿನ ದಾರಿಯಲ್ಲಿ ಮರಳೂ ಬೆಟ್ಟದ ಮೂತಿಗಳೂ ಸರದಿಯಂತೆ ಬರುತ್ತವೆ. ಮೊದಲೆರಡು ಹಾದಿಗಳಲ್ಲಿ ಕಲಿತದ್ದೆಲ್ಲ ಇಲ್ಲಿ ಒಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಮೂತಿ ಎದುರಾದಲ್ಲಿ ಮೇಲೇರಿ, ಮರಳು ಸಿಕ್ಕಲ್ಲಿ ಕೆಳಗಿಳಿದು ನಡೆಯಬೇಕು. ಇಡೀ ದಿನದ ನಡಿಗೆಯಾದುದರಿಂದ ಜೊತೆಯಲ್ಲಿ ಆ ಊರಿನವರೊಬ್ಬರಿದ್ದರೆ ಒಳ್ಳೆಯದು. ಹೊರಡುವವರು ತಾರಿಯ ದೋಣಿಯ ವೇಳೆಯನ್ನೂ ಇಳಿತದ ವೇಳೆಯನ್ನೂ ಮೊದಲೇ ವಿಚಾರಿಸಿಕೊಂಡು ಎರಡನ್ನೂ ಹೊಂದಿಸಬೇಕಾಗುತ್ತದೆ. ಅವು ಹೊಂದದ ದಿನ, ತಾರಿ ದಾಟಿದ ಮೇಲೆ ಊರುಗಳ ನಡುವಿನ ದಾರಿಯಲ್ಲಿಯೇ ಬಾಡದವರೆಗೆ ನಡೆದು, ನೀರು ಇಳಿಯತೊಡಗಿದ ಬಳಿಕ ಅಲ್ಲಿ ಮರಳಿಗೆ ಇಳಿಯಬಹುದು.